ಯಂತ್ರ, ವಿಜ್ಞಾನ, ಪ್ರಭುತ್ವ: ಚಿಕ್ಕಬಳ್ಳಾಪುರ ಸೀಮೆಯ ಲೋಕಾಭಿಪ್ರಾಯ

1. ಲೋಕಾಭಿಪ್ರಾಯದ ಸ್ವರೂಪ

ತಂತ್ರಜ್ಞಾನ, ವಿಜ್ಞಾನ ಮತ್ತು ಸರ್ಕಾರದ ಅಧಿಕಾರದ ಬಗ್ಗೆ ತನ್ನದೇ ಅಭಿಪ್ರಾಯ ಇಲ್ಲದವರು ಇಂದು ವಿರಳ. ಹಾಲಿನ ಡೇರಿಯ ಮುಂದೆ, ನಾಡಕಚೇರಿಯ ಸಾಲಿನಲ್ಲಿ, ಗೂಡಿನ ಮಾರುಕಟ್ಟೆಯ ಕಟ್ಟೆಯ ಮೇಲೆ ಇಂಥ ಅಭಿಪ್ರಾಯಗಳು ಹುಟ್ಟುತ್ತವೆ, ಬೆಳೆಯುತ್ತವೆ, ಕೈ ಬದಲಾಯಿಸುತ್ತವೆ. 'ಟವರ್ ಬಂದ ಮೇಲೆ ಗುಬ್ಬಚ್ಚಿ ಮಾಯವಾದವು', 'ಕಂಪ್ಯೂಟರ್‌ನಲ್ಲಿ ಹಾಗೇ ಬಂದಿದೆ, ಇನ್ನೇನು ಮಾಡೋಕಾಗುತ್ತೆ', 'ನಮ್ಮಂಥವರ ಮಾಹಿತಿ ತಗೊಂಡು ಯಾರೇನು ಮಾಡ್ತಾರೆ', 'ತಪ್ಪು ಮಾಡದವನಿಗೆ ಭಯ ಯಾಕೆ' ಎಂಬ ಮಾತುಗಳು ಈ ಜಾತಿಯವು. ಪಾಂಡಿತ್ಯದ ಬೆಂಬಲ ಇಲ್ಲದಿದ್ದರೂ ಇವುಗಳಿಗೆ ಬಲವಿದೆ. ಲಸಿಕೆ ಹಾಕಿಸಿಕೊಳ್ಳುವುದು, ಬೆರಳಚ್ಚು ಕೊಡುವುದು, ಫೋನಿಗೆ ಬಂದ ಸಂದೇಶವನ್ನು ಮುಂದಕ್ಕೆ ಕಳಿಸುವುದು, ಒಂದು ಯೋಜನೆಯನ್ನು ಬೆಂಬಲಿಸುವುದು ಅಥವಾ ತಡೆಯುವುದು ಎಲ್ಲವೂ ಕೊನೆಗೆ ಇಂಥ ಅಭಿಪ್ರಾಯಗಳ ಮೇಲೆಯೇ ನಿಂತಿವೆ.

ಇವುಗಳನ್ನು ಪರಿಶೀಲಿಸಲು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು ಒಳ್ಳೆಯ ನೆಲ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನದಿಯ ಆಸರೆ ಇಲ್ಲದ ಕೆರೆ ಮತ್ತು ಕೊಳವೆಬಾವಿಯ ಬೇಸಾಯವಿದೆ, ರೇಷ್ಮೆಯಿದೆ, ಬೆಂಗಳೂರಿನ ನೆರೆಯಿದೆ. ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿದ ಮುದ್ದೇನಹಳ್ಳಿ, ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು 1920ರಲ್ಲಿ ಹುಟ್ಟಿದ ಹೊಸೂರು, 1938ರಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದ ವಿದುರಾಶ್ವತ್ಥ ಇಲ್ಲಿಯೇ ಇವೆ. ಭೂಮಿಯ ಅದುರನ್ನೂ ಆಕಾಶದ ಸದ್ದನ್ನೂ ದಾಖಲಿಸುವ ಎರಡು ವೈಜ್ಞಾನಿಕ ಕೇಂದ್ರಗಳೂ ಇಲ್ಲಿವೆ.

ಒಂದು ಅಭಿಪ್ರಾಯ ಸರಿಯೋ ತಪ್ಪೋ ಎಂಬುದು ಅದನ್ನು ಹೇಳಿದವರ ಓದಿನಿಂದ ತೀರ್ಮಾನವಾಗುವುದಿಲ್ಲ. ಅದನ್ನು ಒರೆಗೆ ಹಚ್ಚಲು ಸಾಕ್ಷ್ಯ ಕೈಗೆ ಸಿಗುತ್ತದೆಯೇ, ತಪ್ಪಾದಾಗ ಉತ್ತರ ಕೊಡಬೇಕಾದವರು ಯಾರೆಂದು ಗೊತ್ತಿದೆಯೇ ಎಂಬ ಎರಡು ಸಂಗತಿಗಳಿಂದ ತೀರ್ಮಾನವಾಗುತ್ತದೆ. ಸಾಕ್ಷ್ಯ ಸಿಗದ ಕಡೆ ವದಂತಿ ಬೆಳೆಯುತ್ತದೆ, ಉತ್ತರ ಕೊಡುವವರಿಲ್ಲದ ಕಡೆ ಅಪನಂಬಿಕೆ ಬೆಳೆಯುತ್ತದೆ. ಮುಂದಿನ ಭಾಗಗಳು ಈ ಅಳತೆಗೋಲನ್ನು ಒಂದೊಂದು ಕ್ಷೇತ್ರಕ್ಕೂ ಹಿಡಿದು ನೋಡುತ್ತವೆ.

2. ನೆಲದ ಅದುರು, ಆಕಾಶದ ಅಲೆ

ಗೌರಿಬಿದನೂರಿನ ಭೂಕಂಪ ಮಾಪಕ ಜಾಲ 1965ರಲ್ಲಿ ಬ್ರಿಟನ್ನಿನ ಪರಮಾಣು ಶಕ್ತಿ ಸಂಸ್ಥೆಯ ಸಹಕಾರದಿಂದ ಸ್ಥಾಪನೆಯಾಯಿತು. ಅದನ್ನು ನಡೆಸುವುದು ಭಾಭಾ ಪರಮಾಣು ಸಂಶೋಧನಾ ಕೇಂದ್ರ. ಎರಡು ತೋಳುಗಳಂತೆ ಚಾಚಿಕೊಂಡ ಸಾಲುಗಳಲ್ಲಿ 20 ಮಾಪಕಗಳನ್ನು ಹೂಳಲಾಗಿದೆ. ದಕ್ಷಿಣ ಪ್ರಸ್ಥಭೂಮಿಯ ಹಳೆಯ, ಗಟ್ಟಿಯಾದ ಬಂಡೆ ಅಲೆಗಳನ್ನು ಮಾಸದಂತೆ ಸಾಗಿಸುತ್ತದೆ. ಅಂಥ ಬಂಡೆಯ ಮೇಲೆ, ನಗರದ ಗದ್ದಲದಿಂದ ದೂರದಲ್ಲಿ ಕುಳಿತ ಮಾಪಕಕ್ಕೆ ಸಾವಿರಾರು ಕಿಲೋಮೀಟರ್ ಆಚೆಯ ಅದುರೂ ಸಿಗುತ್ತದೆ. ಒಂದೇ ಅಲೆ ಒಂದೊಂದು ಮಾಪಕವನ್ನು ಸೆಕೆಂಡಿನ ಭಾಗಗಳಷ್ಟು ಹೆಚ್ಚುಕಡಿಮೆಯಲ್ಲಿ ಮುಟ್ಟುತ್ತದೆ. ಆ ಅಂತರದಿಂದ ಅಲೆ ಬಂದ ದಿಕ್ಕನ್ನೂ ದೂರವನ್ನೂ ಲೆಕ್ಕ ಹಾಕುತ್ತಾರೆ.

ಈ ಜಾಲದ ಮುಖ್ಯ ಉದ್ದೇಶ ಭೂಗತ ಅಣುಸ್ಫೋಟಗಳನ್ನು ಗುರುತಿಸುವುದು. ಸ್ಫೋಟ ನೆಲವನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಭೂಕಂಪದಲ್ಲಿ ಎರಡು ಬಂಡೆಗಳು ಒಂದಕ್ಕೊಂದು ಉಜ್ಜಿ ಜಾರುತ್ತವೆ. ಹೀಗಾಗಿ ಮೊದಲ ಅಲೆಯ ದಿಕ್ಕು ಮತ್ತು ಒಳ ಅಲೆ, ಮೇಲ್ಮೈ ಅಲೆಗಳ ಬಲದ ಅನುಪಾತ ಎರಡರಲ್ಲೂ ಬೇರೆ. ಪಾಕಿಸ್ತಾನ 1998ರ ಮೇ 28ರಂದು ಚಾಗೈಯಲ್ಲಿ ನಡೆಸಿದ ಪರೀಕ್ಷೆಯ ಅಲೆಗಳು ಗೌರಿಬಿದನೂರಿನಲ್ಲೂ ದಾಖಲಾದವು. ಯಾವ ಸರ್ಕಾರವೂ ಇಂಥ ಅಲೆಯನ್ನು ಗಡಿಯಲ್ಲಿ ತಡೆದು ನಿಲ್ಲಿಸಲಾರದು. ಅದೇ ಮೇ ತಿಂಗಳಲ್ಲಿ ಭಾರತ ಪೋಖ್ರಾನ್‌ನಲ್ಲಿ ನಡೆಸಿದ ಪರೀಕ್ಷೆಯ ಬಲದ ಬಗ್ಗೆಯೂ ಹೊರಗಿನ ತಜ್ಞರು ಇಂಥ ದಾಖಲೆಗಳ ಆಧಾರದ ಮೇಲೆಯೇ ಸಂಶಯ ಎತ್ತಿದರು. ಆ ಪರೀಕ್ಷೆಯಲ್ಲಿ ಭಾಗಿಯಾಗಿದ್ದ ರಕ್ಷಣಾ ವಿಜ್ಞಾನಿ ಕೆ. ಸಂತಾನಂ, ಜಲಜನಕ ಬಾಂಬಿನ ಪರೀಕ್ಷೆ ನಿರೀಕ್ಷಿತ ಬಲ ತೋರಲಿಲ್ಲವೆಂದು 2009ರಲ್ಲಿ ಬಹಿರಂಗವಾಗಿ ಹೇಳಿದರು. ಪರಮಾಣು ಶಕ್ತಿ ಇಲಾಖೆ ಅದನ್ನು ಅಲ್ಲಗಳೆಯಿತು. 'ವಿಜ್ಞಾನಿಗಳು ಹೇಳಿದ ಮೇಲೆ ಮುಗೀತು' ಎಂಬ ಅಭಿಪ್ರಾಯಕ್ಕೆ ಈ ಪ್ರಕರಣ ಒಂದು ತಿದ್ದುಪಡಿ. ವಿಜ್ಞಾನಿಗಳ ನಡುವಿನ ಭಿನ್ನಮತ ಅಂಕಿಅಂಶದಿಂದ ಬಗೆಹರಿಯಬೇಕು. ಅಂಕಿಅಂಶ ರಾಜ್ಯರಹಸ್ಯವಾದಾಗ ಅದು ಬಗೆಹರಿಯದೆ ಉಳಿಯುತ್ತದೆ.

ಅಲೆಯ ಈ ಶಾಸ್ತ್ರ ಜಿಲ್ಲೆಯ ನಿತ್ಯಜೀವನಕ್ಕೂ ಬೇಕಾಯಿತು. 2021ರ ಫೆಬ್ರವರಿಯಲ್ಲಿ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಕಲ್ಲುಗಣಿಗಾರಿಕೆಗೆ ಇಟ್ಟಿದ್ದ ಜಿಲೆಟಿನ್ ಸಿಡಿದು 6 ಮಂದಿ ಸತ್ತರು. ಅದೇ ವರ್ಷ ಡಿಸೆಂಬರ್ 22ರ ಬೆಳಗ್ಗೆ ಚಿಕ್ಕಬಳ್ಳಾಪುರ ಸುತ್ತಿನ ಹಳ್ಳಿಗಳಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಎರಡು ಬಾರಿ ನೆಲ ಅದುರಿತು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ದಾಖಲಿಸಿದ ಪ್ರಮಾಣ 2.9 ಮತ್ತು 3.0. ಕ್ವಾರಿಗಳಿರುವ ಸೀಮೆಯಲ್ಲಿ ನೆಲ ಅದುರಿದರೆ ಜನರ ಮೊದಲ ಅನುಮಾನ ಬಂಡೆ ಸಿಡಿಸುವವರ ಮೇಲೆಯೇ ಹೋಗುತ್ತದೆ, ಅದು ಅಸಹಜವೂ ಅಲ್ಲ. ಆದರೆ ಆ ವರ್ಷ ನವೆಂಬರಿನಲ್ಲಿ ಅಪರೂಪದ ಮಳೆ ಸುರಿದು ದಶಕಗಳಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದಿದ್ದವು. ನೀರು ಬಂಡೆಯ ಬಿರುಕುಗಳಿಗೆ ಇಳಿದಾಗ ಒಳಗಿನ ಒತ್ತಡ ಏರಿ ಬಂಡೆಗಳು ಚೂರು ಜಾರುತ್ತವೆ, ಸದ್ದೂ ಬರುತ್ತದೆ. ಜೋರು ಮಳೆಗಾಲದ ಬೆನ್ನಿಗೆ ಬರುವ ಇಂಥ ಕಿರು ಕಂಪನಗಳಿಗೆ ಭೂವಿಜ್ಞಾನಿಗಳು ಕೊಡುವ ವಿವರಣೆ ಇದು. ಪ್ರಮಾಣದ ಲೆಕ್ಕವನ್ನೂ ಇಲ್ಲಿ ಸರಿಯಾಗಿ ತಿಳಿಯಬೇಕು. ಒಂದೊಂದು ಅಂಕಿ ಏರಿದಂತೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುವುದರಿಂದ 3ರ ಕಂಪನ 6ರ ಕಂಪನದ ಅರ್ಧವಲ್ಲ, ಅದರ ಮೂವತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಈ ವಿವರ ಹಳ್ಳಿಗೆ ಅಂದೇ ತಲುಪಿದರೆ ಜನ ರಾತ್ರಿ ಬಯಲಲ್ಲಿ ಮಲಗಬೇಕಾಗುವುದಿಲ್ಲ.

ಗೌರಿಬಿದನೂರಿನ ಇನ್ನೊಂದು ಕೇಂದ್ರ ರೇಡಿಯೋ ವೀಕ್ಷಣಾಲಯ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ 1976ರಿಂದ ಇದನ್ನು ನಡೆಸಿದವು. ಸಾವಿರ ಸರಳ ಆಂಟೆನಾಗಳನ್ನು 'ಟಿ' ಆಕಾರದಲ್ಲಿ ನಿಲ್ಲಿಸಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆಯನ್ನು ಇಲ್ಲಿ ತಯಾರಿಸಲಾಯಿತು. 1990ರ ದಶಕದಿಂದ ಸೂರ್ಯನ ಹೊರವಲಯದ ವೀಕ್ಷಣೆಯೂ ನಡೆದಿದೆ. ಆಂಟೆನಾ ಎಂದರೆ ಕಿರಣ ಬಿಡುವ ಸಾಧನ ಎಂಬುದು ಸಾಮಾನ್ಯ ಗ್ರಹಿಕೆ. ಗೌರಿಬಿದನೂರಿನ ಆಂಟೆನಾಗಳು ಏನನ್ನೂ ಬಿಡುವುದಿಲ್ಲ, ಬಂದದ್ದನ್ನು ಹಿಡಿಯುತ್ತವೆ ಅಷ್ಟೆ.

ಮೊಬೈಲ್ ಟವರ್ ಮಾತ್ರ ಅಲೆಗಳನ್ನು ಬಿಡುತ್ತದೆ. ಅವು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳುವಷ್ಟು ಶಕ್ತಿಯಿಲ್ಲದ ರೇಡಿಯೋ ಅಲೆಗಳು. ಎಕ್ಸ್‌ರೇ ಬೇರೆ, ಇವು ಬೇರೆ. ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲನ್ನು ಭಾರತ 2012ರ ಸೆಪ್ಟೆಂಬರಿನಿಂದ ತನ್ನ ಮಿತಿಯಾಗಿ ಜಾರಿಗೆ ತಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2011ರಲ್ಲಿ ಈ ಅಲೆಗಳನ್ನು 'ಬಹುಶಃ ಕ್ಯಾನ್ಸರ್‌ಕಾರಕ ಆಗಿರಬಹುದಾದವು' ಎಂಬ ವರ್ಗಕ್ಕೆ ಸೇರಿಸಿತು. ಅಪಾಯ ಸಾಬೀತಾಗಿಲ್ಲ, ಪರಿಶೀಲನೆ ಮುಗಿದೂ ಇಲ್ಲ ಎಂಬುದು ಅದರ ತಾತ್ಪರ್ಯ. ಗುಬ್ಬಚ್ಚಿಯ ವಿಚಾರದಲ್ಲಿ, 2020ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಒಟ್ಟು ದೇಶದಲ್ಲಿ ಅವುಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆಯೆಂದೂ ಬೆಂಗಳೂರಿನಂಥ ಮಹಾನಗರಗಳಲ್ಲಿ ಕುಸಿದಿದೆಯೆಂದೂ ತಿಳಿಸಿತು. ಟವರ್‌ಗಳು ಹಳ್ಳಿಯಲ್ಲೂ ಇವೆ. ಹೆಂಚಿನ ಮನೆಯ ಸೂರು, ಗೂಡು ಕಟ್ಟುವ ಸಂದು, ಮರಿಗಳಿಗೆ ತಿನ್ನಿಸುವ ಹುಳು ಇವು ನಗರದಲ್ಲಿ ಇಲ್ಲವಾದದ್ದು ಹೆಚ್ಚು ಒಪ್ಪುವ ಕಾರಣ.

3. ಪ್ರಶ್ನಿಸುವ ಪರಂಪರೆ

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದಿಗಾಗಿ ಊರಿನಿಂದ ಬೆಂಗಳೂರಿಗೆ ನಡೆದೇ ಹೋದವರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಮರಳಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿ ರಚಿಸಿದರು. ಪ್ರಸಿದ್ಧರಾದ ಪವಾಡಪುರುಷರು ಪರೀಕ್ಷೆಗೆ ಒಪ್ಪಿಕೊಳ್ಳಲಿಲ್ಲ. ಸಮಿತಿಯ ಮಹತ್ವ ಅದು ಯಾರನ್ನು ಹಿಡಿದುಹಾಕಿತು ಎಂಬುದಕ್ಕಿಂತ ಅದು ಮುಂದಿಟ್ಟ ನಿಯಮದಲ್ಲಿದೆ: ಲೋಕದಲ್ಲಿ ನಡೆಯಿತೆಂದು ಹೇಳುವ ಘಟನೆ ಲೋಕದ ಕಣ್ಣೆದುರು ಪರೀಕ್ಷೆಗೆ ನಿಲ್ಲಬೇಕು. ನಂಬಿಕೆಯ ಗೌರವ ಬೇರೆ, ಸಾಕ್ಷ್ಯದ ಹೊಣೆ ಬೇರೆ ಎಂಬ ವಿಭಾಗ ಅಲ್ಲಿ ಸ್ಪಷ್ಟವಾಗಿತ್ತು. ಗೌರಿಬಿದನೂರು ಮತ್ತು ಬಾಗೇಪಲ್ಲಿಯ ನ್ಯಾಷನಲ್ ಕಾಲೇಜುಗಳ ಹಿಂದೆಯೂ ಅವರ ದುಡಿಮೆಯಿದೆ.

ಅದೇ 1976ರಲ್ಲಿ ಸಂಸತ್ತು ಒಪ್ಪಿದ 42ನೇ ತಿದ್ದುಪಡಿ, ವೈಜ್ಞಾನಿಕ ಮನೋಭಾವ ಮತ್ತು ಪ್ರಶ್ನಿಸುವ ಪ್ರವೃತ್ತಿಯನ್ನು ಬೆಳೆಸಿಕೊಳ್ಳುವುದು ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯಲ್ಲಿ ಸೇರಿಸಿತು. ಅದು ತುರ್ತುಪರಿಸ್ಥಿತಿಯ ಕಾಲ. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು, ಸರ್ಕಾರವನ್ನು ಪ್ರಶ್ನಿಸಿದವರು ಜೈಲಿನಲ್ಲಿದ್ದರು. ಪವಾಡವನ್ನು ಪ್ರಶ್ನಿಸುವುದು ಕರ್ತವ್ಯ, ಪ್ರಭುತ್ವವನ್ನು ಪ್ರಶ್ನಿಸುವುದು ಅಪರಾಧ ಎಂಬ ವಿರೋಧಾಭಾಸ ಅಂದು ಒಂದೇ ಸರ್ಕಾರದ ನಡೆಯಲ್ಲಿ ಕಾಣಿಸಿತು. ವೈಜ್ಞಾನಿಕ ಮನೋಭಾವಕ್ಕೆ ಇಂಥ ಗಡಿ ಹಾಕಲು ಬರುವುದಿಲ್ಲ. ಪವಾಡಪುರುಷರ ಮುಂದೆ ಕೇಳುವ ಪ್ರಶ್ನೆಯನ್ನೇ ಇಲಾಖೆಯ ಮುಂದೆಯೂ ಕೇಳಬೇಕಾಗುತ್ತದೆ.

4. ಕೆರೆಗೆ ಬಂದ ನೀರು

ಇಲಾಖೆಯ ಮುಂದೆ ಇಂಥ ಪ್ರಶ್ನೆ ಎದ್ದುನಿಂತದ್ದು ನೀರಿನ ವಿಷಯದಲ್ಲಿ. ಕೊಳವೆಬಾವಿಗಳು ಆಳಕ್ಕೆ ಇಳಿದಂತೆ ಈ ಸೀಮೆಯ ನೀರಿನಲ್ಲಿ ಫ್ಲೋರೈಡ್ ಸಮಸ್ಯೆಯಾಯಿತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದನ್ನು ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುಗಟ್ಟುತ್ತದೆ, ಆಮೇಲೆ ಮೂಳೆ ಮತ್ತು ಕೀಲು ಕೆಡುತ್ತವೆ.

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗಳಿಗೆ ಹರಿಸುವ ಯೋಜನೆಗಳು ನೀರಿನ ಈ ಬವಣೆಯ ನಡುವೆ ಬಂದವು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಕೋಲಾರದ ಕಡೆಗೆ ಹೋದರೆ, ಹೆಬ್ಬಾಳ–ನಾಗವಾರ ಕಣಿವೆಯದು ಚಿಕ್ಕಬಳ್ಳಾಪುರದ ಕಡೆಗೆ. ಜನರ ಬಾಯಲ್ಲಿ ಇವು ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ. ಎಚ್.ಎನ್. ವ್ಯಾಲಿಯ ಯೋಜಿತ ಪ್ರಮಾಣ ದಿನಕ್ಕೆ 21 ಕೋಟಿ ಲೀಟರ್, ಕೆರೆಗಳು 65. ಜಿಲ್ಲಾ ಕೇಂದ್ರದ ಮಗ್ಗುಲಿನ ಕಂದವಾರ ಕೆರೆಯೂ ಇವುಗಳಲ್ಲಿ ಒಂದು.

ಸಂಸ್ಕರಣೆಗೆ ಮೂರು ಹಂತಗಳಿವೆ. ಮೊದಲ ಹಂತದಲ್ಲಿ ಕಸ ಸೋಸಿ, ಗಸಿ ಇಳಿಸುತ್ತಾರೆ. ಎರಡನೆಯದರಲ್ಲಿ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಜೈವಿಕ ಕೊಳೆಯನ್ನು ತಿಂದುಹಾಕುತ್ತವೆ. ಮೂರನೆಯದರಲ್ಲಿ ಸಾರಜನಕ, ರಂಜಕಗಳನ್ನು ತೆಗೆದು, ಮತ್ತೆ ಸೋಸಿ, ರೋಗಾಣುಗಳನ್ನು ನಿವಾರಿಸುತ್ತಾರೆ. ಕೆರೆಗಳಿಗೆ ಹರಿದದ್ದು ಎರಡನೇ ಹಂತ ದಾಟಿದ ನೀರು. ಕೆರೆಯ ಮಣ್ಣಿನ ಪದರಗಳೇ ಉಳಿದ ಶುದ್ಧಿ ಮಾಡುತ್ತವೆ, ನೀರನ್ನು ನೇರವಾಗಿ ಯಾರೂ ಕುಡಿಯುವುದಿಲ್ಲ, ಅಂತರ್ಜಲ ಏರುತ್ತದೆ ಎಂಬುದು ಸರ್ಕಾರದ ವಾದ. ಆರ್. ಆಂಜನೇಯರೆಡ್ಡಿ ನೇತೃತ್ವದ ಶಾಶ್ವತ ನೀರಾವರಿ ಹೋರಾಟ ಸಮಿತಿ ಮೂರನೇ ಹಂತದ ಸಂಸ್ಕರಣೆ ಆಗಲೇಬೇಕೆಂದು ಪಟ್ಟು ಹಿಡಿಯಿತು. 2018ರ ಜುಲೈನಲ್ಲಿ ಕೋಲಾರದ ಕೆರೆಯಲ್ಲಿ ನೊರೆ ಎದ್ದಾಗ ಹೈಕೋರ್ಟ್ ಕೆ.ಸಿ. ವ್ಯಾಲಿ ನೀರನ್ನು ತಡೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಡೆ ಕೊಟ್ಟಿತ್ತು. ನಂತರ ನೀರು ಮತ್ತೆ ಹರಿಯಿತು.

ಈ ವಿವಾದದಲ್ಲಿ 'ನೀರು ಬಂತಲ್ಲ, ಸಾಕು' ಎಂಬ ಅಭಿಪ್ರಾಯಕ್ಕೂ 'ಕೊಳಚೆ ಕೊಳಚೆಯೇ' ಎಂಬ ಅಭಿಪ್ರಾಯಕ್ಕೂ ಒಂದೊಂದು ಹಿಡಿ ಸತ್ಯವಿದೆ. ಬತ್ತಿದ ಬಾವಿಯಲ್ಲಿ ನೀರು ಕಾಣಿಸಿಕೊಂಡದ್ದನ್ನು ಅಳೆಯಬಹುದು, ಆ ನೀರಿನಲ್ಲಿರುವ ನೈಟ್ರೇಟ್ ಮತ್ತು ಭಾರಲೋಹಗಳನ್ನೂ ಅಳೆಯಬಹುದು. ಅಳತೆ ಎಷ್ಟು ಸಲ ನಡೆಯುತ್ತದೆ, ಯಾವ ಕೆರೆಯಲ್ಲಿ, ಫಲಿತಾಂಶ ಆ ಊರಿನ ಪಂಚಾಯಿತಿಯ ಗೋಡೆಯ ಮೇಲೆ ಬರುತ್ತದೆಯೇ ಎಂಬಲ್ಲಿ ವಿಶ್ವಾಸದ ನೆಲೆಯಿದೆ. ಹೋರಾಟಗಾರರು ವಿಜ್ಞಾನದ ವಿರೋಧಿಗಳೆಂದು ಹೇಳುವುದು ಸುಲಭ. ಅವರು ಕೇಳಿದ್ದು ಇನ್ನೂ ಒಂದು ಹಂತದ ವಿಜ್ಞಾನವನ್ನು.

5. ಪಹಣಿ, ಗೂಡು ಮತ್ತು ಸರ್ವರ್

ಕರ್ನಾಟಕದ 'ಭೂಮಿ' ಯೋಜನೆ 2000–01ರ ಹೊತ್ತಿಗೆ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ರೈತರ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಅದಕ್ಕೂ ಮೊದಲು ಅವು ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟುಮಾಡಿತು, ತಿದ್ದಿದ ಅಧಿಕಾರಿ ಯಾರೆಂಬುದು ಬೆರಳಚ್ಚಿನ ಮೂಲಕ ದಾಖಲಾಯಿತು. ಪುಸ್ತಕ ಹಿಡಿದವನ ಮರ್ಜಿ ಕಾಯುವುದು ತಪ್ಪಿತು ಎಂಬ ಜನರ ಮೆಚ್ಚುಗೆಗೆ ಆಧಾರವಿದೆ.

ಆದರೆ ಹಳೆಯ ಪುಸ್ತಕದ ತಪ್ಪುಗಳೂ ಕಂಪ್ಯೂಟರಿಗೆ ಏರಿದವು. ತಂದೆಯ ಹೆಸರು ಅದಲುಬದಲಾದದ್ದು, ಗುಂಟೆ ಲೆಕ್ಕ ಹೆಚ್ಚುಕಡಿಮೆಯಾದದ್ದು, ಪೋಡಿಯಾಗದ ಜಮೀನಿನಲ್ಲಿ ಹಲವರ ಹೆಸರು ಒಟ್ಟಿಗೆ ಉಳಿದದ್ದು ಇವೆಲ್ಲ ಅಚ್ಚಿನ ಅಕ್ಷರದಲ್ಲಿ ಬಂದಾಗ ಹೊಸ ಅಧಿಕಾರ ಪಡೆದವು. ಬರೆದದ್ದನ್ನು ಓದುವುದಷ್ಟೇ ಕಂಪ್ಯೂಟರಿನ ಕೆಲಸ. ತಿದ್ದುವ ಅಧಿಕಾರ ತಹಶೀಲ್ದಾರರ, ಉಪವಿಭಾಗಾಧಿಕಾರಿಗಳ ಕೈಯಲ್ಲಿದೆ. 'ಕಂಪ್ಯೂಟರ್‌ನಲ್ಲಿ ಹಾಗೇ ಬಂದಿದೆ' ಎಂಬ ಉತ್ತರ ಈ ಮನುಷ್ಯರ ಹೊಣೆಯನ್ನು ಯಂತ್ರದ ಹಿಂದೆ ಅಡಗಿಸುತ್ತದೆ.

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ರಾಮನಗರದ ಜೊತೆಗೆ ಹೆಸರಾದ ದೊಡ್ಡ ಮಾರುಕಟ್ಟೆ. ಇಲ್ಲಿ ಇ–ಹರಾಜು ಬಂದ ಮೇಲೆ ರೀಲರ್‌ಗಳು ಲಾಟಿನ ಗೂಡನ್ನು ನೋಡಿ, ಮುಟ್ಟಿ, ಬೆಲೆಯನ್ನು ಮೊಬೈಲಿನಲ್ಲಿ ಹಾಕುತ್ತಾರೆ. ಹಣ ರೈತನ ಬ್ಯಾಂಕ್ ಖಾತೆಗೆ ಹೋಗುತ್ತದೆ. ತೂಕ, ಬೆಲೆ, ಪಾವತಿ ಮೂರೂ ದಾಖಲಾಗುವುದು ರೈತನಿಗೆ ಲಾಭ. ಗೂಡಿಗೆ ಮಾತ್ರ ಕಾಯುವ ವ್ಯವಧಾನವಿಲ್ಲ. ಚಂದ್ರಿಕೆಯಿಂದ ಬಿಡಿಸಿದ ಗೂಡಿನೊಳಗೆ ಜೀವಂತ ಕೋಶವಿದೆ; ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬಂದರೆ ಎಳೆ ತುಂಡಾಗಿ ಬಿಚ್ಚಣಿಕೆಗೆ ಬಾರದು. ದಿನ ಕಳೆದಂತೆ ತೂಕವೂ ಇಳಿಯುತ್ತದೆ. ಇಂಥ ಸರಕಿನ ವ್ಯಾಪಾರದಲ್ಲಿ ಸರ್ವರ್ ಅರ್ಧ ದಿನ ನಿಂತರೂ ನಷ್ಟ ರೈತನದೇ. ಆದ್ದರಿಂದ ಯಂತ್ರ ಕೆಟ್ಟ ದಿನ ಹರಾಜು ಹೇಗೆ ನಡೆಯಬೇಕೆಂಬ ಬದಲಿ ಕ್ರಮವೂ ವ್ಯವಸ್ಥೆಯ ಭಾಗವಾಗಿರಬೇಕು. ರೈತ 'ಹಳೇದೇ ಚೆನ್ನಾಗಿತ್ತು' ಎಂದಾಗ ತಂತ್ರಜ್ಞಾನವನ್ನು ದೂರುವುದಕ್ಕಿಂತ ಹೆಚ್ಚಾಗಿ ಈ ಕೊರತೆಯನ್ನು ಹೇಳುತ್ತಿರುತ್ತಾನೆ.

6. ಇಂಟರ್ನೆಟ್ ಭದ್ರತೆ

ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಮುಂದೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದು ಜಿಲ್ಲೆಗಳಲ್ಲಿ ಸೆನ್ ಠಾಣೆಗಳು ಬಂದವು. ವಂಚನೆ ನಗರದಿಂದ ಹಳ್ಳಿಗೆ ಬಂದಿರುವುದಕ್ಕೆ ಇದು ಗುರುತು. ಪಿಂಚಣಿ, ಉದ್ಯೋಗ ಖಾತರಿ ಕೂಲಿ, ಹಾಲಿನ ಬಟವಾಡೆ, 2023ರಿಂದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಎಲ್ಲವೂ ಖಾತೆಗೆ ಬರುವಾಗ 'ನಮ್ಮಂಥವರ ಮಾಹಿತಿ ಯಾರಿಗೆ ಬೇಕು' ಎಂಬ ಮಾತಿಗೆ ಆಧಾರ ಉಳಿಯುವುದಿಲ್ಲ. ಸಣ್ಣ ಮೊತ್ತದ ಸಾವಿರ ಖಾತೆಗಳು ವಂಚಕರಿಗೆ ಒಂದು ದೊಡ್ಡ ಖಾತೆಯಷ್ಟೇ ಲಾಭದಾಯಕ, ಹಿಡಿಯುವವರೂ ಕಡಿಮೆ.

ಬೆರಳಚ್ಚಿನ ಪ್ರಕರಣ ಇದಕ್ಕೆ ಸ್ಪಷ್ಟ ಉದಾಹರಣೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಹಣ ತೆಗೆಯಬಹುದು, ಒಟಿಪಿ ಬೇಡ. ಬ್ಯಾಂಕ್ ಶಾಖೆ ದೂರವಿರುವ ಹಳ್ಳಿಯ ವೃದ್ಧರಿಗೆ ಇದು ದೊಡ್ಡ ಅನುಕೂಲ. ಆದರೆ 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹಣ ಹೋಯಿತು. ನೋಂದಾಯಿತ ಪತ್ರಗಳ ಪ್ರತಿಯಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ನಕಲು ಮಾಡಿ ವಂಚಿಸಿದ್ದು ತನಿಖೆಯಲ್ಲಿ ಕಂಡುಬಂತು. ನಂತರ ಪತ್ರಗಳ ಪ್ರತಿಯಲ್ಲಿ ಬೆರಳಚ್ಚನ್ನು ಮರೆಮಾಡುವ ಕ್ರಮ ಬಂತು. ಹಣ ಕಳೆದುಕೊಂಡವರು ಯಾರಿಗೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಕಾನೂನಿನಂತೆ ಕೊಟ್ಟ ಬೆರಳಚ್ಚೇ ಅವರಿಗೆ ಮುಳುವಾಯಿತು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ, ಬೇಕಾದಾಗ ಮಾತ್ರ ತೆರೆಯುವುದು ಸದ್ಯದ ರಕ್ಷಣೆ.

ಇತರ ವಂಚನೆಗಳು ಹೆಚ್ಚಾಗಿ ಭಯ ಮತ್ತು ಆಸೆಯನ್ನು ಬಳಸುತ್ತವೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ; 'ಪಿನ್ ಹಾಕಿ, ದುಡ್ಡು ಬರುತ್ತೆ' ಎನ್ನುವವರು ವಂಚಕರೇ. 'ಡಿಜಿಟಲ್ ಅರೆಸ್ಟ್' ಎಂಬ ಬಂಧನ ಭಾರತದ ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೋ ಕರೆಯಲ್ಲಿ ಖಾಕಿ ತೊಟ್ಟು ಕೂರಿಸುವ ಈ ಮೋಸ ಗೆಲ್ಲುವುದು ಪೊಲೀಸರೆಂದರೆ ಪ್ರಶ್ನಿಸದೆ ಅಂಜುವ ರೂಢಿಯಿಂದ. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿದರೆ ಆ ಹಣವನ್ನು ಮುಂದಿನ ಖಾತೆಗಳಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಗ್ರಾಹಕನ ತಪ್ಪಿಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ನಷ್ಟದ ಹೊಣೆ ಬೀಳಬಾರದೆಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತು.

'ಗುಟ್ಟಾಗಿಟ್ಟರೆ ಭದ್ರ' ಎಂಬುದು ಭದ್ರತೆಯ ಬಗ್ಗೆ ಪ್ರಚಲಿತವಾದ ಇನ್ನೊಂದು ಅಭಿಪ್ರಾಯ. ಗೂಢಲಿಪಿ ಶಾಸ್ತ್ರದಲ್ಲಿ 1883ರಲ್ಲಿಯೇ ಆಗಸ್ಟ್ ಕೆರ್ಕಾಫ್ಸ್ ಇದಕ್ಕೆ ವಿರುದ್ಧವಾದ ತತ್ತ್ವ ಮಂಡಿಸಿದರು. ಬೀಗದ ರಚನೆ ಎಲ್ಲರಿಗೂ ತಿಳಿದಿದ್ದರೂ ಬೀಗದ ಕೈ ಇಲ್ಲದೆ ತೆರೆಯಬಾರದು. ಅದೇ ಒಳ್ಳೆಯ ಬೀಗ. ಇಂದಿನ ಗೂಢಲಿಪಿ ವಿಧಾನಗಳು ಬಹಿರಂಗವಾಗಿ ಪ್ರಕಟವಾಗಿವೆ, ಲೋಕದ ಗಣಿತಜ್ಞರೆಲ್ಲ ಮುರಿಯಲು ಯತ್ನಿಸಿ ಸೋತದ್ದೇ ಅವುಗಳ ಅರ್ಹತೆ. ಸರ್ಕಾರಿ ತಂತ್ರಾಂಶದ ದೋಷ ತೋರಿಸಿದವರನ್ನು ಶತ್ರುವೆಂದು ಕಾಣುವ ಕಚೇರಿ ಈ ಪಾಠ ಕಲಿತಿಲ್ಲ.

7. ಪ್ರಭುತ್ವದ ಕಣ್ಣು ಮತ್ತು ಕೈ

1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಿಷೇಧಾಜ್ಞೆಯ ನಡುವೆ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸರ್ಕಾರದ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಮಂದಿ ಎಂಬುದು ಜನರ ಲೆಕ್ಕ. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಆ ಬಳಿಕ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ ಕಾಂಗ್ರೆಸ್ ಧ್ವಜಕ್ಕೆ ಅವಕಾಶ ಸಿಕ್ಕಿತು. ಗುಂಡು ಹಾರಿಸಿದವರೇ ಹೆಣ ಎಣಿಸಿದಾಗ ಲೆಕ್ಕದ ಮೇಲೆ ಜನಕ್ಕೆ ನಂಬಿಕೆ ಹುಟ್ಟದು ಎಂಬುದು ಈ ಸೀಮೆಯ ನೆನಪಿನಲ್ಲಿ ಉಳಿದ ಪಾಠ.

ಅಧಿಕಾರದ ಕೈ ಬಯಲಲ್ಲಿ ಕಾಣುತ್ತದೆ, ಅದರ ಕಣ್ಣು ಕಾಣುವುದಿಲ್ಲ. ದೂರವಾಣಿ ಕದ್ದಾಲಿಕೆಗೆ ಆಧಾರವಾಗಿದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆ. ಫೋನ್ ಕದ್ದಾಲಿಕೆಯ ಆರೋಪ 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ರಾಜೀನಾಮೆಗೆ ಕಾರಣವಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್, ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಮತ್ತು ಪರಿಶೀಲನಾ ಸಮಿತಿ ಬೇಕೆಂದು ವಿಧಿಸಿತು. ಆ ಸಮಿತಿಯಲ್ಲೂ ಇರುವವರು ಸರ್ಕಾರದ ಅಧಿಕಾರಿಗಳೇ. ನ್ಯಾಯಾಧೀಶರ ಅನುಮತಿ ಕಡ್ಡಾಯವಲ್ಲ.

ವದಂತಿ ಹರಡಿದಾಗ ಸರ್ಕಾರದ ಕೈ ಬಲವಾಗಬೇಕೆಂಬ ಅಭಿಪ್ರಾಯಕ್ಕೂ ಕಾರಣವಿದೆ. 2012ರ ಆಗಸ್ಟ್‌ನಲ್ಲಿ ಬೆದರಿಕೆಯ ಸಂದೇಶಗಳು ಹರಡಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ರೈಲು ಹತ್ತಿದಾಗ ಕೇಂದ್ರ ಸರ್ಕಾರ ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ 15 ದಿನ ನಿರ್ಬಂಧ ಹಾಕಿತು. 2018ರಲ್ಲಿ ಮಕ್ಕಳ ಕಳ್ಳರ ಸುಳ್ಳು ಸಂದೇಶಗಳು ಬೆಂಗಳೂರಿನಲ್ಲಿ, ಬೀದರ್ ಜಿಲ್ಲೆಯಲ್ಲಿ ಅಮಾಯಕರ ಜೀವ ತೆಗೆದವು. ಅದೇ ವರ್ಷದ ಜುಲೈನಲ್ಲಿ ವಾಟ್ಸ್ಆ್ಯಪ್ ಭಾರತದಲ್ಲಿ ಫಾರ್ವರ್ಡನ್ನು ಐದು ಚಾಟ್‌ಗಳಿಗೆ ಸೀಮಿತಗೊಳಿಸಿತು. ಸಂದೇಶದ ಮೂಲವನ್ನು ಪತ್ತೆ ಮಾಡಿಕೊಡಬೇಕೆಂದು 2021ರ ನಿಯಮಗಳು ಕೇಳಿದಾಗ, ಹಾಗೆ ಮಾಡಿದರೆ ಎಲ್ಲರ ಸಂದೇಶದ ಗೋಪ್ಯತೆಯೂ ಮುರಿಯುತ್ತದೆಂದು ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ಇನ್ನೊಂದು ಕಡೆ, ಆನ್‌ಲೈನ್ ಮಾತಿಗೆ ಬಂಧಿಸಲು ಬಳಸಲಾಗುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ತೀರ ಅಸ್ಪಷ್ಟವೆಂದು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಮಾಡಿತ್ತು. ತಾತ್ಕಾಲಿಕ, ಕಾರಣ ಹೇಳಿದ, ಅವಧಿ ನಿಗದಿಯಾದ ನಿರ್ಬಂಧಕ್ಕೂ ಯಾರ ಮೇಲೆ ಬೇಕಾದರೂ ಬೀಸಬಹುದಾದ ಕಾನೂನಿಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ.

'ತಪ್ಪು ಮಾಡದವನಿಗೆ ಭಯ ಯಾಕೆ' ಎಂಬ ಅಭಿಪ್ರಾಯಕ್ಕೆ ಕಾನೂನಿನ ಉತ್ತರ ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. 1926ರಲ್ಲಿ ಹುಟ್ಟಿದ ಅವರು ಆಧಾರನ್ನು ಪ್ರಶ್ನಿಸಿ 2012ರಲ್ಲಿ, 86ನೇ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಖಾಸಗಿತನ ಮೂಲಭೂತ ಹಕ್ಕೆಂದು 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಹಕ್ಕನ್ನು ಸರ್ಕಾರ ಮೊಟಕುಗೊಳಿಸಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. 2018ರ ಸೆಪ್ಟೆಂಬರ್ 26ರಂದು 4:1ರ ಬಹುಮತದಲ್ಲಿ ಆಧಾರ್ ಕಾಯ್ದೆ ಉಳಿಯಿತು; ಆದರೆ ಬ್ಯಾಂಕ್ ಖಾತೆಗೂ ಸಿಮ್‌ಗೂ ಕಡ್ಡಾಯ ಜೋಡಣೆ ಬಿದ್ದುಹೋಯಿತು. ಬೆರಳಚ್ಚು ಕಳವಾದ ಪ್ರಕರಣವನ್ನು ಈ ತೀರ್ಪಿನ ಪಕ್ಕದಲ್ಲಿ ಇಟ್ಟು ನೋಡಿದರೆ, ಖಾಸಗಿತನ ತಪ್ಪು ಮುಚ್ಚುವವರ ಬಯಕೆ ಎಂಬ ಅಭಿಪ್ರಾಯ ನಿಲ್ಲುವುದಿಲ್ಲ. ಅಲ್ಲಿ ಹಣ ಕಳೆದುಕೊಂಡವರು ತಪ್ಪು ಮಾಡಿದವರಲ್ಲ.

8. ಒರೆಗಲ್ಲು

ಪ್ರಜೆಯ ಮಾಹಿತಿಗೆ ರಕ್ಷಣೆಯೂ ಸರ್ಕಾರದ ಮಾಹಿತಿಗೆ ಬಯಲೂ ಒಟ್ಟಿಗೆ ಬೇಕು. ಮೊದಲನೆಯದಕ್ಕೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿದೆ. ಅದು ಸರ್ಕಾರದ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರದ ಕೈಯಲ್ಲೇ ಇಟ್ಟಿದೆ. ಎರಡನೆಯದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ: ಅರ್ಜಿಗೆ 30 ದಿನದಲ್ಲಿ ಉತ್ತರ, ಸಿಗದಿದ್ದರೆ ಮೇಲ್ಮನವಿ, ಆಮೇಲೆ ಆಯೋಗ. ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು 2000ದಲ್ಲಿಯೇ ಮಾಡಿತ್ತು. ವೈಯಕ್ತಿಕ ಮಾಹಿತಿಯನ್ನು ಸಾರ್ವಜನಿಕ ಹಿತದ ಕಾರಣಕ್ಕೆ ಬಹಿರಂಗಪಡಿಸಲು 2005ರ ಕಾಯ್ದೆಯ ಸಂಬಂಧಿತ ಸೆಕ್ಷನ್ನಿನಲ್ಲಿಯೇ ಇದ್ದ ಅವಕಾಶವನ್ನು 2023ರ ಕಾಯ್ದೆ ತೆಗೆಯಿತು. ಪ್ರಜೆಯ ಗೋಪ್ಯತೆಗೆಂದು ಬಂದ ಕಾನೂನು ಅಧಿಕಾರಿಯ ಮರೆಯಾಗಬಹುದೆಂಬ ಆತಂಕ ಅಲ್ಲಿಂದ ಹುಟ್ಟಿದೆ.

ಪಹಣಿ, ಗೂಡು, ಕೆರೆ ನೀರು, ಬೆರಳಚ್ಚು ಈ ನಾಲ್ಕರಲ್ಲೂ ಜನರ ಅಭಿಪ್ರಾಯ ಬದಲಾದ ಬಗೆ ಒಂದೇ. ಅಳತೆ ಕಣ್ಣಿಗೆ ಬಿದ್ದು, ತಿದ್ದುವ ಕೈ ಯಾವುದೆಂದು ಗೊತ್ತಾದ ಕಡೆ ಹೊಸ ಯಂತ್ರವನ್ನು ಜನ ಬೇಗ ಒಪ್ಪಿದ್ದಾರೆ. ಅವೆರಡೂ ಇಲ್ಲದ ಕಡೆ ಒಳ್ಳೆಯ ಯಂತ್ರವನ್ನೂ ಸಂಶಯಿಸಿದ್ದಾರೆ. ಈ ಸಂಶಯವನ್ನು ಅಜ್ಞಾನವೆಂದು ತಳ್ಳಿಹಾಕಿದರೆ ಅದು ವದಂತಿಯಾಗುತ್ತದೆ; ಅರ್ಜಿಯಾಗಿ ಸ್ವೀಕರಿಸಿ ದಾಖಲೆ ತೆರೆದು ಉತ್ತರಿಸಿದರೆ ತಿಳಿವಳಿಕೆಯಾಗುತ್ತದೆ. ಆ ಉತ್ತರ ಕೊಡುವುದು ವಿಜ್ಞಾನ ಸಂಸ್ಥೆಗೂ ಇಲಾಖೆಗೂ ಸಮಾನವಾದ ಹೊಣೆ, ಅದನ್ನು ಕೇಳುವುದು ಸಂವಿಧಾನವೇ ಪ್ರಜೆಗೆ ವಹಿಸಿದ ಕರ್ತವ್ಯ.